ಇದ್ದಿಲು: ಗುಣಪರೀಕ್ಷೆ ಮತ್ತು ಶಾಖಮೌಲ್ಯ

ಗಾಳಿಯನ್ನು ಬಹುಮಟ್ಟಿಗೆ ತಡೆದು ಮರವನ್ನು ಕಾಯಿಸಿದಾಗ ನೀರು, ಹೊಗೆ, ಟಾರು ಎಲ್ಲ ಬಿಟ್ಟುಹೋಗಿ ಕೊನೆಗೆ ಉಳಿಯುವ ಕಪ್ಪು, ಹಗುರ, ರಂಧ್ರಮಯ ವಸ್ತು ಇದ್ದಿಲು. ಇದ್ದಲು, ಇಜ್ಜಲು ಎಂಬ ರೂಪಗಳೂ ಬಳಕೆಯಲ್ಲಿವೆ; ಕರಾವಳಿಯ ಮನೆಮಾತಿನಲ್ಲಿ ಮಸಿ ಎಂದರೂ ಕೇಳಿದವರಿಗೆ ಅರ್ಥವಾಗುತ್ತದೆ. ಇದ್ದಲು ಮಸಿಗೆ ಬುದ್ಧಿ ಹೇಳಿತು ಎನ್ನುವ ಗಾದೆ ಎರಡನ್ನೂ ಒಂದೇ ಬಣ್ಣದ ನೆಂಟರಂತೆ ಕಂಡರೂ ವಸ್ತುವಾಗಿ ಅವು ಬೇರೆ ಬೇರೆ. ಮಸಿ ಹೊಗೆಯಿಂದ ಗೋಡೆಗೆ, ಪಾತ್ರೆಯ ತಳಕ್ಕೆ ಹತ್ತಿದ ನುಣುಪು ಪುಡಿ. ಇದ್ದಿಲು ಮರದ ಮೈಯೇ; ಒಳ್ಳೆಯ ತುಂಡನ್ನು ಅಡ್ಡ ಮುರಿದು ಭೂತಗನ್ನಡಿಯಲ್ಲಿ ನೋಡಿದರೆ ಆ ಮರದ ಉಂಗುರಗಳೂ ನೀರೇರುವ ಕೊಳವೆಗಳೂ ಇದ್ದಹಾಗೇ ಕಾಣುತ್ತವೆ.

ಯಾವ ಇದ್ದಿಲು ಒಳ್ಳೆಯದು ಎಂದು ಕೇಳಿದರೆ ಒಂದೇ ಉತ್ತರ ಸಿಗುವುದಿಲ್ಲ. ಕತ್ತಿ ಬಡಿಯುವ ಆಚಾರಿಗೆ ತಿದಿ ಒತ್ತಿದೊಡನೆ ಕಾವು ಏರಬೇಕು, ಬಿಟ್ಟೊಡನೆ ಇಳಿಯಬೇಕು. ಇಸ್ತ್ರಿ ಹಾಕುವವನಿಗೆ ಕೆಂಡ ನಿಧಾನವಾಗಿ, ಕಿಡಿ ಸಿಡಿಸದೆ ಉರಿಯಬೇಕು. ಕಬ್ಬಿಣದ ಊದುಕುಲುಮೆಗೆ ಮೇಲಿನ ಅದಿರಿನ ಭಾರಕ್ಕೆ ಪುಡಿಯಾಗದ ಗಟ್ಟಿತನ ಬೇಕು. ಅನಿಲ ಯಂತ್ರಕ್ಕೆ ಟಾರು ಇರಬಾರದು. ಇವರೆಲ್ಲರ ಇದ್ದಿಲಿನಲ್ಲಿಯೂ ಒಂದು ಕಿಲೊ ಒಣ ಇಂಗಾಲದ ಕಾವು ಹೆಚ್ಚುಕಡಿಮೆ ಒಂದೇ. ವ್ಯತ್ಯಾಸವೆಲ್ಲ ಇಂಗಾಲದ ಜೊತೆಗೆ ಚೀಲದಲ್ಲಿ ಇನ್ನೇನು ಬಂದಿದೆ ಎಂಬುದರಲ್ಲಿದೆ: ನೀರು, ಅರೆಬೆಂದ ಮರ, ಬೂದಿ, ಮಣ್ಣು, ಪುಡಿ. ಗುಣಪರೀಕ್ಷೆ ಎಂದರೆ ಇವನ್ನು ಒಂದೊಂದಾಗಿ ಬೇರ್ಪಡಿಸಿ ತೂಗುವ ಕೆಲಸ.

ಚಾರ್ಮಾಡಿಯ ಹಿನ್ನೆಲೆ

ಈ ಬರಹಕ್ಕೆ ಹಿನ್ನೆಲೆಯಾಗಿರುವುದು ಚಾರ್ಮಾಡಿ, ದಕ್ಷಿಣ ಕನ್ನಡ ಜಿಲ್ಲೆಯ ಬೆಳ್ತಂಗಡಿ ತಾಲ್ಲೂಕಿನಲ್ಲಿ ಘಟ್ಟದ ಬುಡದ ಊರು. ಇಲ್ಲಿಂದ ರಾಷ್ಟ್ರೀಯ ಹೆದ್ದಾರಿ 73 ತಿರುವು ತಿರುವಾಗಿ ಏರಿ ಮೂಡಿಗೆರೆ ತಾಲ್ಲೂಕಿನ ಕೊಟ್ಟಿಗೆಹಾರವನ್ನು ಸೇರುತ್ತದೆ. ಮಳೆ ವರ್ಷಕ್ಕೆ 4,000 ಮಿಲಿಮೀಟರ್ ಮೀರುವ ಸೀಮೆ. ಚಾರ್ಮಾಡಿ-ಕನಪಾಡಿ ಮೀಸಲು ಅರಣ್ಯದ ಇಳಿಜಾರುಗಳಲ್ಲಿ ನಿತ್ಯಹರಿದ್ವರ್ಣ ಕಾಡು, ಕೆಳಗೆ ಮತ್ತಿ, ಜಂಬೆ, ಹೊನ್ನೆ, ನೇರಳೆಗಳ ಮಿಶ್ರ ಕಾಡು, ಅದಕ್ಕೂ ಕೆಳಗೆ ಅಡಿಕೆ ತೋಟ, ರಬ್ಬರ್ ತೋಟ, ಗುಡ್ಡದ ಮೇಲೆ ಅಕೇಶಿಯಾ ನೆಡುತೋಪು. ಕಾಡಿನೊಳಗೆ ಇದ್ದಿಲು ಸುಡುವಂತಿಲ್ಲ. 1927ರ ಭಾರತೀಯ ಅರಣ್ಯ ಕಾಯ್ದೆ ಮೀಸಲು ಅರಣ್ಯದಲ್ಲಿ ಸುಣ್ಣ ಅಥವಾ ಇದ್ದಿಲು ಸುಡುವುದನ್ನು ಅಪರಾಧವೆಂದು ಹೆಸರಿಸಿಯೇ ಹೇಳಿದೆ. ಅಲ್ಲದೆ ಕಾಡಿನಿಂದ ಬಂದಿರಲಿ ಬಿಡಲಿ, ಇದ್ದಿಲನ್ನು ಅರಣ್ಯ ಉತ್ಪನ್ನವೆಂದೇ ಎಣಿಸಿದೆ. ಕರ್ನಾಟಕದ 1963ರ ಕಾಯ್ದೆಯೂ ಇದೇ ಜಾಡಿನದು. ಈ ಕಟ್ಟುನಿಟ್ಟಿಗೆ ಕಾರಣ ಸರಳ: ಮರ ಇದ್ದಿಲಾದ ಮೇಲೆ ಅದು ಯಾರ ಜಮೀನಿನ ಯಾವ ಮರವೆಂದು ಚೆಕ್‌ಪೋಸ್ಟಿನಲ್ಲಿ ನಿಂತು ಬರಿಗಣ್ಣಿನಿಂದ ಹೇಳುವುದು ಕಷ್ಟ.

ಹಾಗಾಗಿ ಇಲ್ಲಿ ಇದ್ದಿಲಿನ ಮಾತೆಂದರೆ ಮುಖ್ಯವಾಗಿ ತೋಟದ ಮಾತು. ಕಡಿದ ರಬ್ಬರ್ ಮರದ ಕೊಂಬೆ, ಅಕೇಶಿಯಾ, ಗೋಡಂಬಿ ಮರ, ಎಲ್ಲಕ್ಕಿಂತ ಹೆಚ್ಚಾಗಿ ತೆಂಗಿನ ಗೆರಟೆ. ಗೆರಟೆ ಮರವಲ್ಲದಿದ್ದರೂ ಅದರ ಇದ್ದಿಲನ್ನು ಮರದ ಇದ್ದಿಲಿನ ಪರೀಕ್ಷೆಗಳಿಂದಲೇ ಅಳೆಯುತ್ತಾರೆ, ಮತ್ತು ಹೆಚ್ಚಿನ ಮರಗಳಿಗಿಂತ ಅದು ಮೇಲು. ಬಯಲುಸೀಮೆಯಲ್ಲಿ ಈ ಸ್ಥಾನ ಬಳ್ಳಾರಿ ಜಾಲಿಯದು.

ಮರ ಇದ್ದಿಲಾಗುವ ಬಗೆ

ಒಣ ಮರದ ತೂಕದಲ್ಲಿ ಸುಮಾರು ಅರ್ಧ ಇಂಗಾಲ, ಶೇ. 6ರಷ್ಟು ಜಲಜನಕ, ಉಳಿದದ್ದು ಹೆಚ್ಚಾಗಿ ಆಮ್ಲಜನಕ. ಇವು ಸೆಲ್ಯುಲೋಸ್, ಹೆಮಿಸೆಲ್ಯುಲೋಸ್, ಲಿಗ್ನಿನ್ ಎಂಬ ಮೂರು ರೂಪದಲ್ಲಿ ಹೆಣೆದುಕೊಂಡಿವೆ. ಭಟ್ಟಿ ಕಾದಂತೆ ಮೊದಲು ನೀರು ಹೋಗುತ್ತದೆ. 220 ಡಿಗ್ರಿ ಸೆಲ್ಸಿಯಸ್ ದಾಟುವಾಗ ಹೆಮಿಸೆಲ್ಯುಲೋಸ್ ಒಡೆಯುತ್ತದೆ, 315ರಿಂದ 400 ಡಿಗ್ರಿಯ ನಡುವೆ ಸೆಲ್ಯುಲೋಸ್. ಲಿಗ್ನಿನ್ ಹಟಮಾರಿ, 160 ಡಿಗ್ರಿಯಿಂದ ಹಿಡಿದು 900ರ ತನಕ ಮೆಲ್ಲಗೆ ಬಿಟ್ಟುಕೊಡುತ್ತದೆ, ಕೊನೆಗೆ ಇಂಗಾಲವನ್ನು ಹೆಚ್ಚು ಉಳಿಸಿಕೊಡುವುದೂ ಅದೇ. ಸುಮಾರು 280 ಡಿಗ್ರಿಯ ಮೇಲೆ ಮರ ತಾನೇ ಕಾವು ಬಿಡತೊಡಗುತ್ತದೆ, ಹೊರಗಿನಿಂದ ಉರಿ ಕೊಡಬೇಕಾಗಿಲ್ಲ.

ಭಟ್ಟಿಯ ಹೊಗೆಯನ್ನು ನೋಡಿ ಒಳಗಿನ ಹದ ಹೇಳುವುದು ಹಳೆಯ ವಿದ್ಯೆ. ಮೊದಲು ದಟ್ಟ ಬಿಳಿ ಹೊಗೆ, ಅದರಲ್ಲಿ ಹೆಚ್ಚಿನದು ನೀರಾವಿ. ಆಮೇಲೆ ಕಣ್ಣು ಉರಿಸುವ ಹಳದಿ ಹೊಗೆ. ಕೊನೆಗೆ ತೆಳ್ಳಗಿನ ನೀಲಿ. ನೀಲಿ ಕಂಡಾಗ ಕಿಂಡಿಗಳನ್ನು ಮಣ್ಣು ಮೆತ್ತಿ ಮುಚ್ಚಬೇಕು. ತಡಮಾಡಿದರೆ ಇದ್ದಿಲೇ ಉರಿದು ಬೂದಿಯಾಗುತ್ತದೆ. ಅವಸರ ಮಾಡಿದರೆ ನಡುವೆ ಕೊಳ್ಳಿಗಳು ಉಳಿಯುತ್ತವೆ. ಇಲ್ಲಿ ಮಾಡಿದ ತಪ್ಪನ್ನು ಪ್ರಯೋಗಶಾಲೆಯ ಯಾವ ಯಂತ್ರವೂ ತಿದ್ದಲಾರದು, ತೋರಿಸಿಕೊಡಬಲ್ಲದು ಅಷ್ಟೆ.

ಎಷ್ಟು ಕಾವಿನಲ್ಲಿ ಬೆಂದಿದೆ ಎಂಬುದೇ ಇದ್ದಿಲಿನ ಜಾತಕ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1980ರ ದಶಕದಲ್ಲಿ ಪ್ರಕಟಿಸಿದ ಕೈಪಿಡಿಗಳ ಲೆಕ್ಕ ಹೀಗಿದೆ: 300 ಡಿಗ್ರಿಯಲ್ಲಿ ನಿಲ್ಲಿಸಿದರೆ 100 ಕಿಲೊ ಒಣ ಮರಕ್ಕೆ 42 ಕಿಲೊ ಇದ್ದಿಲು, ಅದರಲ್ಲಿ ಸ್ಥಿರ ಇಂಗಾಲ (ನೀರು, ಅನಿಲವಾಗಿ ಹೋಗುವ ಅಂಶ, ಬೂದಿ ಕಳೆದು ಉಳಿಯುವುದು) ಶೇ. 68, 500 ಡಿಗ್ರಿಗೆ 33 ಕಿಲೊ, ಶೇ. 86, 700 ಡಿಗ್ರಿಗೆ 30 ಕಿಲೊ, ಶೇ. 92. ತೂಕಕ್ಕೆ ಮಾರುವವನಿಗೆ ಕಡಿಮೆ ಬೇಯಿಸಿದ್ದೇ ಲಾಭ, ಕೊಳ್ಳುವವನಿಗೆ ಹಾಗಲ್ಲ. ಇದ್ದಿಲಿನ ವ್ಯಾಪಾರದಲ್ಲಿ ಜಗಳಗಳಿದ್ದರೆ ಅವುಗಳ ಬೇರು ಈ ಮೂರು ಸಾಲುಗಳಲ್ಲಿದೆ. ಇವು ಕಟ್ಟುನಿಟ್ಟಾಗಿ ಕಾಯಿಸಿದಾಗಿನ ಅಂಕಿಗಳು ಎಂಬುದನ್ನೂ ನೆನಪಿಡಬೇಕು. ಮಣ್ಣು ಮುಚ್ಚಿದ ಗೂಡಿನಲ್ಲಿ ಮರದ ಒಂದು ಪಾಲು ಉರಿಯಾಗಿಯೇ ಹೋಗುವುದರಿಂದ ನೂರಕ್ಕೆ 10ರಿಂದ 20 ಕಿಲೊ ಸಿಕ್ಕರೆ ಅದೇ ವಾಡಿಕೆ. ಇಟ್ಟಿಗೆ ಗೂಡಿನಲ್ಲಿ 25ರಿಂದ 30.

ಕಣ್ಣು, ಕೈ, ಕಿವಿ

ತಕ್ಕಡಿಯೂ ಕುಲುಮೆಯೂ ಇಲ್ಲದ ಕಡೆ ಇದ್ದಿಲನ್ನು ಆರಿಸುವವರು ಅದನ್ನು ಎತ್ತಿ ನೋಡುತ್ತಾರೆ, ಮುರಿದು ನೋಡುತ್ತಾರೆ, ನೆಲಕ್ಕೆ ಬೀಳಿಸಿ ಸದ್ದು ಕೇಳುತ್ತಾರೆ. ಚೆನ್ನಾಗಿ ಬೆಂದ ಗಟ್ಟಿಮರದ ಇದ್ದಿಲು ಕಲ್ಲಿನ ಮೇಲೆ ಬಿದ್ದರೆ ಲೋಹದಂತೆ ಟಣ್ ಎನ್ನುತ್ತದೆ, ಅರೆಬೆಂದದ್ದು ಮಂದ ಸದ್ದು ಮಾಡುತ್ತದೆ. ಮುರಿದಲ್ಲಿ ಕಪ್ಪು ಹೊಳಪು, ಕೆಲವೊಮ್ಮೆ ನೀಲಿ ಛಾಯೆ ಇದ್ದರೆ ಹೆಚ್ಚು ಕಾವು ಕಂಡಿದೆ ಎಂದರ್ಥ. ಕಂದು ಬಣ್ಣ ಕಂಡರೆ ಅದು ಇದ್ದಿಲಲ್ಲ, ಕೊಳ್ಳಿ. ಪೂರ್ತಿ ಬೆಂದ ತುಂಡು ಕೈಗೆ ಅಷ್ಟಾಗಿ ಕಪ್ಪು ಹತ್ತಿಸುವುದಿಲ್ಲ. ಹೊತ್ತಿಸಿದಾಗ ಹಳದಿ ಜ್ವಾಲೆ, ಹೊಗೆ, ಮೂಗಿಗೆ ಚುಚ್ಚುವ ವಾಸನೆ ಬಂದರೆ ಬಾಷ್ಪಶೀಲ ಅಂಶ, ಅಂದರೆ ಕಾವಿಗೆ ಅನಿಲವಾಗಿ ಹೋಗುವ ಭಾಗ, ಇನ್ನೂ ತುಂಬ ಉಳಿದಿದೆ. ಉರಿದ ಮೇಲೆ ಉಳಿಯುವ ಬೂದಿ ಬೆಳ್ಳಗೆ ಹಗುರವಾಗಿರಬೇಕು. ಕೆಂಪು ಛಾಯೆಯ, ಮರಳಿನಂತೆ ಕರಕರ ಎನ್ನುವ ಬೂದಿ ಗೂಡಿನ ಮುರ ಮಣ್ಣು ಸೇರಿದ್ದನ್ನು ಹೇಳುತ್ತದೆ.

ಈ ಪರೀಕ್ಷೆಗಳನ್ನು ಅಜ್ಜನ ಕಾಲದ್ದೆಂದು ತಳ್ಳಿಹಾಕುವಂತಿಲ್ಲ. ಸದ್ದು ಗಟ್ಟಿತನವನ್ನೂ ಬೆಂದ ಹದವನ್ನೂ ಒಟ್ಟಿಗೆ ಹೇಳುತ್ತದೆ, ಹೊಗೆ ಬಾಷ್ಪಶೀಲವನ್ನು, ಬೂದಿ ಖನಿಜಾಂಶವನ್ನು. ಆದರೆ ಒಂದು ವಿಷಯದಲ್ಲಿ ಇಂದ್ರಿಯಗಳು ಮೋಸಹೋಗುತ್ತವೆ: ನೀರು. ಶೇ. 15ರಷ್ಟು ನೀರು ಕುಡಿದ ಇದ್ದಿಲೂ ಕೈಗೆ ಒಣಗಿದಂತೆಯೇ ತೋರಬಹುದು. ನೀರು ರಂಧ್ರಗಳೊಳಗೆ ಕುಳಿತಿರುತ್ತದೆ, ಮೈಮೇಲಲ್ಲ. ಮಳೆಗಾಲ ಆರು ತಿಂಗಳು ಎಳೆಯುವ ಚಾರ್ಮಾಡಿಯಂಥ ಕಡೆ ಇದು ಸಣ್ಣ ಕೊರತೆಯಲ್ಲ.

ಮೂಸೆ ಮತ್ತು ತಕ್ಕಡಿ

ಪ್ರಯೋಗಶಾಲೆಯಲ್ಲಿ ಮರದ ಇದ್ದಿಲಿಗೆ ಹೆಚ್ಚಾಗಿ ಅನುಸರಿಸುವ ವಿಧಾನ ಅಮೆರಿಕದ ಎಎಸ್‌ಟಿಎಂ ಡಿ 1762. ಭಾರತದಲ್ಲಿ ಕಲ್ಲಿದ್ದಲಿಗೆಂದು ರೂಪಿಸಿದ ಐಎಸ್ 1350 ಮಾನಕವನ್ನೂ ಇದ್ದಿಲಿಗೆ ಬಳಸುವುದುಂಟು. ಎರಡರ ತಿರುಳೂ ಒಂದೇ: ಒಂದು ಚಿಟಿಕೆ ಪುಡಿಯನ್ನು ಬೇರೆ ಬೇರೆ ಕಾವಿಗೆ ಒಡ್ಡಿ, ಪ್ರತಿ ಸಲವೂ ಎಷ್ಟು ತೂಕ ಇಳಿಯಿತೆಂದು ನೋಡುವುದು. ಅಕ್ಕಸಾಲಿಗರ ಮೂಸೆಯೇ ಇಲ್ಲಿಯೂ ಪಾತ್ರೆ, ಆದರೆ ಪಿಂಗಾಣಿಯದು, ಮುಚ್ಚಳ ಸಹಿತ.

ಅದಕ್ಕೂ ಮೊದಲು ಮಾದರಿ ತೆಗೆಯುವುದೇ ದೊಡ್ಡ ಕೆಲಸ. ಚೀಲದಲ್ಲಿ ಪುಡಿಯೆಲ್ಲ ತಳಕ್ಕೆ ಇಳಿದಿರುತ್ತದೆ, ಪುಡಿಯಲ್ಲಿ ಮಣ್ಣೂ ತೊಗಟೆಯ ಬೂದಿಯೂ ಜಾಸ್ತಿ. ಮೇಲಿನಿಂದ ನಾಲ್ಕು ಚಂದದ ತುಂಡು ಆರಿಸಿಕೊಟ್ಟರೆ ಆ ಇದ್ದಿಲಿನ ಬಗ್ಗೆಯಲ್ಲ, ಆರಿಸಿದವನ ಬಗ್ಗೆ ಫಲಿತಾಂಶ ಬರುತ್ತದೆ. ಹಲವು ಚೀಲಗಳ ಮೇಲು, ನಡು, ತಳದಿಂದ ತೆಗೆದು ಕುಟ್ಟಿ, ರಾಶಿ ಮಾಡಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡನ್ನು ಇಟ್ಟುಕೊಂಡು ಉಳಿದೆರಡನ್ನು ಬಿಡಬೇಕು. ಸಾಕಷ್ಟು ಸಣ್ಣದಾಗುವ ತನಕ ಹೀಗೇ.

ಲೆಕ್ಕ ತಿಳಿಯಲು ಒಂದು ಉದಾಹರಣೆ. 1.000 ಗ್ರಾಂ ಪುಡಿಯನ್ನು 105 ಡಿಗ್ರಿಯ ಒಲೆಯಲ್ಲಿಟ್ಟು ತೂಗಿದಾಗ 0.940 ಗ್ರಾಂ ಆಯಿತೆನ್ನಿ. ಇಳಿದ ಶೇ. 6 ತೇವಾಂಶ. ಈಗ ಮೂಸೆಗೆ ಮುಚ್ಚಳ ಹಾಕಿ 950 ಡಿಗ್ರಿಯ ಕುಲುಮೆಯೊಳಗೆ ಇಡಬೇಕು. ಒಮ್ಮೆಲೇ ಒಳಗೆ ತಳ್ಳುವುದಿಲ್ಲ. ಬಾಗಿಲ ಬಳಿ ಎರಡು ನಿಮಿಷ, ಅಂಚಿನಲ್ಲಿ ಮೂರು ನಿಮಿಷ ಇಟ್ಟು ಆಮೇಲೆ ಒಳಗೆ ಆರು ನಿಮಿಷ. ಗಾಳಿ ತಾಗದ್ದರಿಂದ ಇಂಗಾಲ ಉರಿಯುವುದಿಲ್ಲ, ಅನಿಲವಾಗಬಲ್ಲದ್ದು ಮಾತ್ರ ಹೋಗುತ್ತದೆ. ತಣಿದ ಮೇಲೆ 0.770 ಗ್ರಾಂ ಉಳಿದಿದ್ದರೆ ಬಾಷ್ಪಶೀಲ ಶೇ. 17. ಕೊನೆಗೆ ಮುಚ್ಚಳ ತೆಗೆದು 750 ಡಿಗ್ರಿಯಲ್ಲಿ ಗಂಟೆಗಟ್ಟಲೆ ಇಟ್ಟರೆ ಇಂಗಾಲವೆಲ್ಲ ಉರಿದು ಬೂದಿ ಉಳಿಯುತ್ತದೆ: 0.025 ಗ್ರಾಂ, ಅಂದರೆ ಶೇ. 2.5. ನೂರರಿಂದ ಈ ಮೂರನ್ನು ಕಳೆದರೆ ಸಿಗುವ 74.5 ಸ್ಥಿರ ಇಂಗಾಲ. ಗಮನಿಸಿ, ಸ್ಥಿರ ಇಂಗಾಲವನ್ನು ಯಾರೂ ನೇರವಾಗಿ ಅಳೆಯಲಿಲ್ಲ. ಅದು ಕಳೆದು ಉಳಿದ ಶೇಷ. ಹಿಂದಿನ ಮೂರು ತೂಕದಲ್ಲಿ ಆದ ತಪ್ಪೆಲ್ಲ ಅದರ ತಲೆಯ ಮೇಲೆ ಬೀಳುತ್ತದೆ.

ತೇವ ದಿನಕ್ಕೊಂದು ಥರ ಇರುವುದರಿಂದ ಎರಡು ಮಾದರಿಗಳನ್ನು ಹೋಲಿಸುವಾಗ ನೀರನ್ನು ಬಿಟ್ಟು ಲೆಕ್ಕ ಹಾಕುತ್ತಾರೆ. ಮೇಲಿನ ಉದಾಹರಣೆಯಲ್ಲಿ ಒಣ ಲೆಕ್ಕಕ್ಕೆ ಸ್ಥಿರ ಇಂಗಾಲ ಶೇ. 79.3, ಬಾಷ್ಪಶೀಲ ಶೇ. 18.1, ಬೂದಿ ಶೇ. 2.7 ಆಗುತ್ತದೆ. ಯುರೋಪಿನಲ್ಲಿ ಮಾಂಸ ಸುಡಲು ಮಾರುವ ಇದ್ದಿಲಿಗೆ ಇಎನ್ 1860-2 ಮಾನಕ ಸ್ಥಿರ ಇಂಗಾಲ ಶೇ. 75ಕ್ಕೆ ಕಡಿಮೆ ಇರಬಾರದು, ಬೂದಿ ಮತ್ತು ತೇವ ತಲಾ ಶೇ. 8 ಮೀರಬಾರದು ಎನ್ನುತ್ತದೆ. ನಮ್ಮ ಉದಾಹರಣೆಯ ಇದ್ದಿಲು ಅಲ್ಲಿ ಪಾಸು.

ಬೂದಿಯ ವಿಷಯಕ್ಕೆ ಮನೆಯಲ್ಲಿಯೇ ಒಳ್ಳೆಯ ಸಾಕ್ಷಿ ಇದೆ. ತುಳುನಾಡಿನಲ್ಲಿ ಹಲ್ಲುಜ್ಜಲು ಬಳಸುತ್ತಿದ್ದ ಉಮಿಕರಿ ಭತ್ತದ ಉಮಿಯನ್ನು ಕರಿಯಾಗುವಂತೆ ಸುಟ್ಟದ್ದು. ಉಮಿಯಲ್ಲಿ ಶೇ. 20ರಷ್ಟು ಬೂದಿ, ಅದರಲ್ಲಿ ಬಹುಪಾಲು ಸಿಲಿಕ. ಸುಟ್ಟಾಗ ಉಳಿದದ್ದೆಲ್ಲ ಹೋಗಿ ಬೂದಿ ಹಾಗೇ ಇರುವುದರಿಂದ ಉಮಿಕರಿಯಲ್ಲಿ ಹತ್ತಿರಹತ್ತಿರ ಅರ್ಧ ಬೂದಿಯೇ. ಹಲ್ಲು ತಿಕ್ಕಲು ಬೇಕಾದ ತರಿ ಅಲ್ಲಿಂದ ಬಂತು. ಉರುವಲಾಗಿ ಅದು ನಿಷ್ಪ್ರಯೋಜಕವಾದದ್ದೂ ಅದರಿಂದಲೇ. ಮರದಲ್ಲಿ ಬೂದಿ ಸಾಮಾನ್ಯವಾಗಿ ಶೇ. 1ರ ಆಸುಪಾಸು, ತೊಗಟೆಯಲ್ಲಿ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. ತೊಗಟೆ ಕೆತ್ತಿ ಸುಟ್ಟ ಇದ್ದಿಲು ಉತ್ತಮವೆನ್ನುವುದಕ್ಕೆ ಇದೇ ಕಾರಣ.

ಶಾಖಮೌಲ್ಯ

ಒಂದು ಕಿಲೊ ಉರುವಲು ಪೂರ್ತಿ ಉರಿದಾಗ ಬಿಡುವ ಶಾಖವೇ ಶಾಖಮೌಲ್ಯ. ಅಳೆಯುವ ಸಾಧನ ಬಾಂಬ್ ಕ್ಯಾಲರಿಮೀಟರ್. ದಪ್ಪ ಉಕ್ಕಿನ ಪಾತ್ರೆಯೊಳಗೆ ಸುಮಾರು ಒಂದು ಗ್ರಾಂ ಇದ್ದಿಲಿನ ಪುಡಿ ಇಟ್ಟು, 25ರಿಂದ 30 ವಾತಾವರಣದ ಒತ್ತಡಕ್ಕೆ ಆಮ್ಲಜನಕ ತುಂಬಿ, ಪಾತ್ರೆಯನ್ನು ನೀರಿನಲ್ಲಿ ಮುಳುಗಿಸಿ, ತಂತಿಗೆ ವಿದ್ಯುತ್ ಹರಿಸಿ ಹೊತ್ತಿಸುತ್ತಾರೆ. ಕ್ಷಣದಲ್ಲಿ ಎಲ್ಲ ಉರಿದು ನೀರು ಮೂರು ಡಿಗ್ರಿಯ ಆಸುಪಾಸು ಬಿಸಿಯಾಗುತ್ತದೆ. ಅಷ್ಟು ಸಣ್ಣ ಏರಿಕೆಯನ್ನು ನಂಬಬೇಕಾದರೆ ಯಂತ್ರವನ್ನು ಮೊದಲು ಬೆಂಜೋಯಿಕ್ ಆಮ್ಲ ಉರಿಸಿ ಸರಿಹೊಂದಿಸಿರಬೇಕು.

ಯಂತ್ರ ಇಲ್ಲದವರು ಮೂಸೆಯ ಲೆಕ್ಕದಿಂದಲೇ ಅಂದಾಜು ಮಾಡಬಹುದು. 2005ರಲ್ಲಿ ಪಾರಿಖ್, ಚನ್ನಿವಾಲ, ಘೋಸಾಲ್ ಎಂಬ ಭಾರತೀಯ ಸಂಶೋಧಕರು ಅನೇಕ ಬಗೆಯ ಘನ ಉರುವಲುಗಳ ಅಂಕಿಗಳಿಂದ ಒಂದು ಸೂತ್ರ ಕೊಟ್ಟರು: ಒಣ ಲೆಕ್ಕದ ಸ್ಥಿರ ಇಂಗಾಲವನ್ನು 0.3536ರಿಂದ, ಬಾಷ್ಪಶೀಲವನ್ನು 0.1559ರಿಂದ ಗುಣಿಸಿ ಕೂಡಿಸಿ, ಬೂದಿಯನ್ನು 0.0078ರಿಂದ ಗುಣಿಸಿ ಕಳೆದರೆ ಕಿಲೊಗೆ ಎಷ್ಟು ಮೆಗಾಜೂಲ್ ಎಂಬುದು ಬರುತ್ತದೆ. ಮೇಲಿನ ಉದಾಹರಣೆಗೆ 30.8. ಸೂತ್ರದಲ್ಲಿ ಸ್ಥಿರ ಇಂಗಾಲದ ಗುಣಕ ಬಾಷ್ಪಶೀಲದ್ದಕ್ಕಿಂತ ಎರಡು ಪಟ್ಟಿಗೂ ಮಿಕ್ಕಿ ಇರುವುದನ್ನು ನೋಡಿದರೆ ಕೊಳ್ಳಿಗೂ ಇದ್ದಿಲಿಗೂ ಇರುವ ಅಂತರ ತಿಳಿಯುತ್ತದೆ.

ಹೋಲಿಕೆಗೆ ಕೆಲವು ಅಂಕಿಗಳು. ಗಾಳಿಯಲ್ಲಿ ಒಣಗಿದ ಸೌದೆ ಕಿಲೊಗೆ 15 ಮೆಗಾಜೂಲ್ ಸುಮಾರು, ಪೂರ್ತಿ ಒಣಗಿಸಿದರೆ 18ರಿಂದ 20. ಒಳ್ಳೆಯ ಇದ್ದಿಲು 28ರಿಂದ 33. ಶುದ್ಧ ಇಂಗಾಲ 32.8. ಅಡುಗೆ ಅನಿಲ 46ರ ಹತ್ತಿರ. ಕ್ಯಾಲರಿಯಲ್ಲಿ ಹೇಳುವುದಾದರೆ 30 ಮೆಗಾಜೂಲ್ ಎಂದರೆ ಸುಮಾರು 7,200 ಕಿಲೊಕ್ಯಾಲರಿ. ದೇಶದ ಮರಗಳ ಶಾಖಮೌಲ್ಯವನ್ನು ವ್ಯವಸ್ಥಿತವಾಗಿ ಅಳೆದ ಹಳೆಯ ದಾಖಲೆ 1932ರಲ್ಲಿ ಕೃಷ್ಣ ಮತ್ತು ರಾಮಸ್ವಾಮಿ ಪ್ರಕಟಿಸಿದ ಅರಣ್ಯ ಬುಲೆಟಿನ್. ಭಾರತದ ಸೌದೆಯ ಬಗೆಗಿನ ಬರಹಗಳಲ್ಲಿ ಅದರ ಹೆಸರು ಇಂದಿಗೂ ಬರುತ್ತದೆ. ಮರದಿಂದ ಮರಕ್ಕೆ ಕಿಲೊ ಲೆಕ್ಕದ ಶಾಖಮೌಲ್ಯದಲ್ಲಿ ಇರುವ ವ್ಯತ್ಯಾಸ ಜನ ನಂಬಿರುವಷ್ಟು ದೊಡ್ಡದಲ್ಲ. ಮತ್ತಿಯ ಸೌದೆ ಬೂರುಗದ ಸೌದೆಗಿಂತ ಮೇಲೆನ್ನುವುದು ನಿಜ, ಆದರೆ ಅದು ಹೊರೆಯ ಲೆಕ್ಕದಲ್ಲಿ, ತೂಕದ ಲೆಕ್ಕದಲ್ಲಿ ಅಲ್ಲ.

ನೀರಿನ ಲೆಕ್ಕ ಮಾತ್ರ ದೊಡ್ಡದು. ಗೂಡಿನಿಂದ ಆಗಷ್ಟೇ ತೆಗೆದ ಇದ್ದಿಲಿನಲ್ಲಿ ತೇವ ಶೇ. 1ಕ್ಕೂ ಕಡಿಮೆ. ಮಳೆ ತಾಗದಿದ್ದರೂ ಬರಿಯ ಗಾಳಿಯಿಂದಲೇ ಅದು ಶೇ. 5ರಿಂದ 10ಕ್ಕೆ ಏರುತ್ತದೆ, ನೆನೆದರೆ 15 ದಾಟುತ್ತದೆ. ಒಣಗಿದಾಗ 30 ಮೆಗಾಜೂಲ್ ಇರುವ ಇದ್ದಿಲಿನ 20 ಕಿಲೊ ಚೀಲದಲ್ಲಿ ತೇವ ಶೇ. 5 ಇದ್ದರೆ, ಆ ನೀರನ್ನು ಆವಿ ಮಾಡುವ ಖರ್ಚು ಕಳೆದು ಸುಮಾರು 568 ಮೆಗಾಜೂಲ್ ಸಿಗುತ್ತದೆ. ಅದೇ ತೂಕದ ಚೀಲದಲ್ಲಿ ತೇವ ಶೇ. 20 ಇದ್ದರೆ 470 ಮಾತ್ರ. ನಡುವಿನ ಅಂತರ ಎರಡು ಕಿಲೊಗೂ ಮಿಕ್ಕಿದ ಅಡುಗೆ ಅನಿಲ, 14.2 ಕಿಲೊದ ಸಿಲಿಂಡರಿನ ಏಳನೇ ಒಂದು ಪಾಲು. ಆಷಾಢದಲ್ಲಿ ಇದ್ದಿಲನ್ನು ತೂಕಕ್ಕೆ ಕೊಳ್ಳುವವರು ನಾಲ್ಕು ಕಿಲೊ ಮಳೆನೀರಿಗೂ ದುಡ್ಡು ಕೊಟ್ಟಿರುತ್ತಾರೆ.

ಗಾತ್ರ, ತೂಕ, ಗಟ್ಟಿತನ

ಇಸ್ತ್ರಿ ಪೆಟ್ಟಿಗೆಯ ಹೊಟ್ಟೆ ಇಷ್ಟೇ ಎಂದು ಮೊದಲೇ ನಿಗದಿಯಾಗಿದೆ. ಅದರೊಳಗೆ ಎಷ್ಟು ತೂಕದ ಇದ್ದಿಲು ಹಿಡಿಸುತ್ತದೆ ಎಂಬುದರ ಮೇಲೆ ಎಷ್ಟು ಬಟ್ಟೆ ಆಗುತ್ತದೆ ಎಂಬುದು ನಿಂತಿದೆ. ಹಗುರ ಮರದ ಇದ್ದಿಲು ತುಂಬಿದರೆ ಬೇಗ ಕಾದು ಬೇಗ ಆರುತ್ತದೆ. ಗೆರಟೆಯದನ್ನು ತುಂಬಿದರೆ ನಿಧಾನವಾಗಿ ಕಾದು ಬಹಳ ಹೊತ್ತು ನಿಲ್ಲುತ್ತದೆ. ಇದ್ದಿಲಿನ ಸಾಂದ್ರತೆ ಮೂಲ ಮರದ ಸಾಂದ್ರತೆಯನ್ನೇ ಹಿಂಬಾಲಿಸುತ್ತದೆ. ಬೂರುಗ ಘನ ಮೀಟರಿಗೆ 400 ಕಿಲೊಗಿಂತ ಕಡಿಮೆ, ರಬ್ಬರ್ 600ರ ಸುಮಾರು, ಗಾಳಿಮರ 850ರ ಆಚೆ. ಸುಟ್ಟಾಗ ಮುಕ್ಕಾಲು ಪಾಲು ತೂಕ ಹೋದರೂ ಗಾತ್ರ ಅಷ್ಟು ಕುಗ್ಗುವುದಿಲ್ಲವಾಗಿ ತುಂಡಿನ ಒಳಗೆ ಖಾಲಿ ಜಾಗವೇ ಶೇ. 70 ದಾಟಿರುತ್ತದೆ. ಚೀಲಕ್ಕೆ ತುಂಬಿದ ಇದ್ದಿಲು ಸಾಮಾನ್ಯವಾಗಿ ಘನ ಮೀಟರಿಗೆ 200 ಕಿಲೊ ಆಸುಪಾಸು ತೂಗುತ್ತದೆ.

ಆಚಾರಿಯ ಲೆಕ್ಕ ಬೇರೆ. ರಂಧ್ರ ಹೆಚ್ಚಿದ್ದಷ್ಟೂ ಗಾಳಿ ಒಳಹೊಕ್ಕು ಉರಿ ಚುರುಕಾಗುತ್ತದೆ, ಹಾಗಾಗಿ ಅತಿ ಸಾಂದ್ರವಾದದ್ದು ಅವನಿಗೆ ವರವೇನಲ್ಲ. ಅವನಿಗೆ ಮುಖ್ಯವಾದದ್ದು ಗಂಧಕ ಇಲ್ಲದಿರುವುದು. ಕಲ್ಲಿದ್ದಲಿನ ಗಂಧಕ ಕಬ್ಬಿಣಕ್ಕೆ ಸೇರಿದರೆ ಕೆಂಪಗೆ ಕಾದಾಗ ಅದು ಬಿರುಕುಬಿಡುತ್ತದೆ. ಮರದ ಇದ್ದಿಲಿನಲ್ಲಿ ಗಂಧಕ ಲೆಕ್ಕಕ್ಕೇ ಬಾರದಷ್ಟು.  ದಕ್ಷಿಣ ಭಾರತದ ಉಕ್ಕು ಕರಗಿಸುವವರು ಮೂಸೆಯೊಳಗೆ ಕಬ್ಬಿಣದ ಜೊತೆ ತಂಗಡಿ ಕಟ್ಟಿಗೆಯ ಚೂರುಗಳನ್ನೇ ಇಟ್ಟು ಮುಚ್ಚುತ್ತಿದ್ದರು. ಅಲ್ಲಿ ಇಂಗಾಲ ಬೇಕಾದದ್ದು ಕಾವಿಗಲ್ಲ, ಕಬ್ಬಿಣವನ್ನು ಉಕ್ಕಾಗಿಸಲು.

ಗಟ್ಟಿತನವನ್ನು ಅಳೆಯಲು ತುಂಡುಗಳನ್ನು ನಿಗದಿತ ಎತ್ತರದಿಂದ ಬೀಳಿಸಿ ಅಥವಾ ಪೀಪಾಯಿಯಲ್ಲಿ ಉರುಳಿಸಿ, ಜರಡಿ ಹಿಡಿದು ಎಷ್ಟು ಪುಡಿಯಾಯಿತೆಂದು ನೋಡುತ್ತಾರೆ.

ಭದ್ರಾವತಿಯ ಕುಲುಮೆ, ಗ್ಯಾಸಿನ ಬಸ್ಸು

ಕನ್ನಡನಾಡಿನಲ್ಲಿ ಇದ್ದಿಲಿನ ಗುಣ ದೊಡ್ಡ ಉದ್ಯಮವೊಂದರ ಅಳಿವು ಉಳಿವಿನ ಪ್ರಶ್ನೆಯಾದದ್ದು ಚಾರ್ಮಾಡಿ ಘಟ್ಟದಿಂದ ಉತ್ತರಕ್ಕೆ, ಭದ್ರಾವತಿಯಲ್ಲಿ. ಮೈಸೂರು ಸಂಸ್ಥಾನದಲ್ಲಿ ಕಲ್ಲಿದ್ದಲು ಇರಲಿಲ್ಲ, ಕೆಮ್ಮಣ್ಣುಗುಂಡಿಯ ಅದಿರು ಮತ್ತು ಮಲೆನಾಡಿನ ಮರ ಇದ್ದವು. ಎಂ. ವಿಶ್ವೇಶ್ವರಯ್ಯನವರ ಯೋಜನೆಯಂತೆ 1918ರಲ್ಲಿ ಆರಂಭವಾದ ಮೈಸೂರು ಕಬ್ಬಿಣ ಕಾರ್ಖಾನೆಯ ಊದುಕುಲುಮೆ 1923ರಲ್ಲಿ ಹೊತ್ತಿತು. ಅದರ ಜೊತೆಗಿದ್ದ ಮರ ಬಟ್ಟಿ ಇಳಿಸುವ ಘಟಕದಲ್ಲಿ ಹೊಗೆಯೂ ಹಾಳಾಗುತ್ತಿರಲಿಲ್ಲ. ಮೀಥೈಲ್ ಮದ್ಯಸಾರ, ಕ್ಯಾಲ್ಸಿಯಂ ಅಸಿಟೇಟ್, ಟಾರು ಹೊರಬರುತ್ತಿದ್ದವು. ಕುಲುಮೆಯಲ್ಲಿ ಇದ್ದಿಲಿಗೆ ಮೂರು ಕೆಲಸ: ಕಾವು ಕೊಡುವುದು, ಅದಿರಿನ ಆಮ್ಲಜನಕ ಕಸಿಯುವುದು, ಮೇಲಿನ ಭಾರ ಹೊತ್ತು ಗಾಳಿಗೆ ದಾರಿ ಬಿಡುವುದು. ಮೂರನೆಯದರಲ್ಲಿ ಅದು ಕಲ್ಲಿದ್ದಲಿನಿಂದ ಮಾಡುವ ಕೋಕ್‌ಗಿಂತ ದುರ್ಬಲ. ಇದ್ದಿಲಿನ ಕುಲುಮೆಗಳನ್ನು ಕೋಕ್ ಕುಲುಮೆಗಳಷ್ಟು ಎತ್ತರ ಕಟ್ಟಲಾಗದಿದ್ದುದು ಇದಕ್ಕೇ. ಪ್ರತಿಯಾಗಿ ಗಂಧಕವಿಲ್ಲದ ಶುದ್ಧ ಕಬ್ಬಿಣ ಸಿಗುತ್ತಿತ್ತು. ಒಂದು ಟನ್ ಕಬ್ಬಿಣಕ್ಕೆ ಒಂದು ಟನ್ನಿನ ಆಸುಪಾಸು ಇದ್ದಿಲು, ಅಷ್ಟು ಇದ್ದಿಲಿಗೆ ನಾಲ್ಕೈದು ಟನ್ ಮರ. 1950ರ ದಶಕದಲ್ಲಿ ವಿದ್ಯುತ್ ಕುಲುಮೆಗಳು ಬಂದಾಗ ಮೊದಲ ಕೆಲಸ ವಿದ್ಯುತ್ತಿನ ಪಾಲಾಯಿತು, ಎರಡನೆಯದು ಇಂಗಾಲದ್ದಾಗಿಯೇ ಉಳಿಯಿತು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ಬಸ್ಸುಗಳ ಹಿಂಬದಿಗೆ ಇದ್ದಿಲಿನ ಗ್ಯಾಸ್ ಡಬ್ಬ ಏರಿತು. ಕೆಂಡದ ಮೂಲಕ ಗಾಳಿ ಎಳೆದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಎಂಜಿನ್ನಿನಲ್ಲಿ ಉರಿಯುತ್ತದೆ. ಆ ಅನಿಲದಲ್ಲಿ ಅರ್ಧಕ್ಕೂ ಹೆಚ್ಚು ಉರಿಯದ ಸಾರಜನಕ. ಹಾಗಾಗಿ ಪೆಟ್ರೋಲ್ ಎಂಜಿನ್ನಿನ ಬಲ ಮೂರನೇ ಒಂದರಿಂದ ಅರ್ಧದಷ್ಟು ಕುಸಿಯುತ್ತಿತ್ತು. ಬಯಲಿನಲ್ಲಿ ಹೇಗೋ ಓಡಿದ ಬಸ್ಸು ಘಟ್ಟದ ತಿರುವಿನಲ್ಲಿ ದಮ್ಮುಕಟ್ಟುವುದು ಈ ಲೆಕ್ಕದಲ್ಲಿಯೇ ಇದೆ. ಒಂದು ಲೀಟರ್ ಪೆಟ್ರೋಲಿನ ಬದಲಿಗೆ ನಷ್ಟವೆಲ್ಲ ಸೇರಿ ಸುಮಾರು ಒಂದೂವರೆ ಕಿಲೊ ಇದ್ದಿಲು ಬೇಕು. ಬಾಷ್ಪಶೀಲ ಹೆಚ್ಚಿರುವ ಇದ್ದಿಲು ಹಾಕಿದರೆ ಟಾರು ಕವಾಟಗಳಿಗೆ ಅಂಟುತ್ತದೆ, ಬೂದಿ ಹೆಚ್ಚಿದ್ದರೆ ಕರಗಿ ಕಿಟ್ಟಗಟ್ಟಿ ಗಾಳಿಯ ದಾರಿ ಮುಚ್ಚುತ್ತದೆ. ಮೂಸೆಯ ಪರೀಕ್ಷೆಯ ಎರಡು ಅಂಕಿಗಳು ಇಲ್ಲಿ ಎಂಜಿನ್ನಿನ ಆಯುಷ್ಯವನ್ನೇ ಹೇಳುತ್ತವೆ. ಮರವನ್ನೇ ನೇರವಾಗಿ ಹಾಕಿ ಟಾರಿಲ್ಲದ ಅನಿಲ ಪಡೆಯುವ ಕೆಲಸವನ್ನು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಕೈಗೆತ್ತಿಕೊಂಡಿತು. 1988ರಲ್ಲಿ ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ ಅಂಥ ಯಂತ್ರದಿಂದ ಊರಿಗೆ ದೀಪ ಬಂತು.

ಲಾಭ ನಷ್ಟ

ಅಡುಗೆಗೆ ಇದ್ದಿಲು ಸುಡುವುದು ಲಾಭವೇ? ಐದು ಕಿಲೊ ಸೌದೆಯಲ್ಲಿ 75 ಮೆಗಾಜೂಲ್ ಇದೆ. ಅದನ್ನು ಮಣ್ಣಿನ ಗೂಡಿನಲ್ಲಿ ಸುಟ್ಟರೆ ಒಂದು ಕಿಲೊ ಇದ್ದಿಲು, 30 ಮೆಗಾಜೂಲ್. ಅರ್ಧಕ್ಕಿಂತ ಹೆಚ್ಚು ಹೊಗೆಯಾಗಿ ಹೋಯಿತು. ಇದ್ದಿಲ ಒಲೆಯಲ್ಲಿ ಪಾತ್ರೆಗೆ ಮುಟ್ಟುವುದು ಅದರ ಕಾಲು ಪಾಲು, ಅಂದರೆ ಏಳೂವರೆ. ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿಸಲು 0.314 ಮೆಗಾಜೂಲ್ ಸಾಕಾಗುವುದರಿಂದ ಆ ಒಂದು ಕಿಲೊದಲ್ಲಿ ಸುಮಾರು 24 ಲೀಟರ್ ಕುದಿಯುತ್ತದೆ. ಅದೇ ಐದು ಕಿಲೊ ಸೌದೆಯನ್ನು ವಿಜ್ಞಾನ ಸಂಸ್ಥೆಯ ಅಸ್ತ್ರ ತಂಡ ರೂಪಿಸಿದ, ಪ್ರಯೋಗದಲ್ಲಿ ಶೇ. 40 ದಾಟಿದ ಒಲೆಗೆ ನೇರವಾಗಿ ಹಾಕಿ, ಮನೆಯ ಬಳಕೆಯಲ್ಲಿ ಶೇ. 35 ಸಿಕ್ಕರೂ 26 ಮೆಗಾಜೂಲ್ ಪಾತ್ರೆಗೆ ಸೇರುತ್ತದೆ, ಮೂರು ಪಟ್ಟಿಗೂ ಹೆಚ್ಚು. ಸೌದೆ ಹಿತ್ತಲಲ್ಲೇ ಇರುವ ಊರಿನವರು ಅಡುಗೆಗೆ ಇದ್ದಿಲು ಸುಡದಿದ್ದುದು ಸೋಮಾರಿತನದಿಂದಲ್ಲ. ಇದ್ದಿಲಿಗೆ ಅರ್ಥ ಬರುವುದು ಕಾವನ್ನು ದೂರಕ್ಕೆ ಹೊರಬೇಕಾದಾಗ, ಹೊಗೆ ಕೂಡದಾಗ, ಅಥವಾ ಸೌದೆಯ ಜ್ವಾಲೆ ಮುಟ್ಟದಷ್ಟು ಕಾವು ಒಂದೇ ಕಡೆ ಬೇಕಾದಾಗ. ವಿಷ್ಣುಮೂರ್ತಿ ದೈವದ ಒತ್ತೆಕೋಲಕ್ಕೆ ಮೇಲೇರಿ ಎಂಬ ಸೌದೆಯ ರಾಶಿ ಒಟ್ಟಿ ಉರಿಸಿ, ಜ್ವಾಲೆ ಇಳಿದು ಕೆಂಡದ ರಾಶಿಯಾಗಲು ಕಾಯುವವರಿಗೆ ಜ್ವಾಲೆಯ ಕಾವಿಗೂ ಕೆಂಡದ ಕಾವಿಗೂ ಇರುವ ಭೇದವನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಉರಿಸಲಾಗದ ಪುಡಿಯೂ ವ್ಯರ್ಥವಲ್ಲ. ತುಳುನಾಡಿನ ಸುಡುಮಣ್ಣಿನಲ್ಲಿ ಬೂದಿಯ ಜೊತೆ ಇದ್ದಿಲಿನ ಚೂರೂ ತೋಟಕ್ಕೆ ಸೇರುತ್ತಿತ್ತು. ಗೆರಟೆಯ ಇದ್ದಿಲನ್ನು ಹೆಚ್ಚು ಕಾವಿನಲ್ಲಿ ಹಬೆ ಹಾಯಿಸಿ ನೀರು ಸೋಸುವ ಕ್ರಿಯಾಶೀಲ ಇಂಗಾಲವಾಗಿಸುತ್ತಾರೆ. ಅಲ್ಲಿ ಶಾಖಮೌಲ್ಯವನ್ನು ಕೇಳುವವರಿಲ್ಲ, ಒಂದು ಗ್ರಾಂ ಎಷ್ಟು ಅಯೊಡಿನ್ ಹೀರುತ್ತದೆ ಎಂಬುದೇ ಅಳತೆ.

ಎಚ್ಚರ, ದಾಸ್ತಾನು

ಹೊಗೆ ಇಲ್ಲವೆಂಬುದೇ ಇದ್ದಿಲಿನ ದೊಡ್ಡ ಅಪಾಯ. ಬಸ್ಸನ್ನು ಓಡಿಸಿದ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಚಳಿಗೆಂದೋ ಬಾಣಂತಿಯ ಕೋಣೆಗೆಂದೋ ಕೆಂಡದ ಅಗ್ಗಿಷ್ಟಿಕೆ ಇಟ್ಟು ಕಿಟಕಿ ಮುಚ್ಚಿ ಮಲಗಿದರೆ ಎದ್ದೇಳದಿರುವ ಸಂಭವವಿದೆ. ಚೆನ್ನಾಗಿ ಬೆಂದ, ಶುದ್ಧ ಇದ್ದಿಲಿಗೂ ಈ ಮಾತು ಅಷ್ಟೇ ಸಲ್ಲುತ್ತದೆ. ಗುಣಮಟ್ಟ ಇಲ್ಲಿ ರಕ್ಷಣೆಯಲ್ಲ.

ಗೂಡಿನಿಂದ ತೆಗೆದ ಇದ್ದಿಲು ತಣ್ಣಗಾದಂತೆ ಕಂಡರೂ ಗಾಳಿಯ ಆಮ್ಲಜನಕವನ್ನು ಹೀರುತ್ತಾ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಲ್ಲದು, ಅದರಲ್ಲೂ ಪುಡಿಯ ರಾಶಿ. ಒಂದು ಇಡೀ ದಿನ ಬಯಲಲ್ಲಿ ಹರಡಿಟ್ಟು ಆಮೇಲೆಯೇ ಚೀಲಕ್ಕೆ ತುಂಬಿ ಲಾರಿಗೆ ಹೇರಬೇಕೆನ್ನುವುದು ಇದಕ್ಕೆ.

ತಕ್ಕಡಿ ಮಾತ್ರ ಇದ್ದವರೂ ತೇವವನ್ನು ತಕ್ಕಮಟ್ಟಿಗೆ ತಿಳಿಯಬಹುದು. ಚೀಲದ ಬೇರೆ ಬೇರೆ ಕಡೆಯಿಂದ ಒಂದು ಕಿಲೊ ಇದ್ದಿಲು ತೆಗೆದು ತಟ್ಟೆಯಲ್ಲಿ ಹರಡಿ, ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ಕಿಡಿ ತಾಗದಂತೆ ಇಟ್ಟು, ದಿನಕ್ಕೊಮ್ಮೆ ತೂಗುತ್ತಾ ಹೋಗಬೇಕು. ತೂಕ ಇಳಿಯುವುದು ನಿಂತ ದಿನ 850 ಗ್ರಾಂ ಉಳಿದಿದ್ದರೆ ಚೀಲದಲ್ಲಿ ಕಡಿಮೆಯೆಂದರೂ ಶೇ. 15 ನೀರಿತ್ತು, 105 ಡಿಗ್ರಿಯ ಒಲೆಯಲ್ಲಾದರೆ ಇನ್ನೂ ಸ್ವಲ್ಪ ಹೆಚ್ಚೇ ಸಿಗುತ್ತಿತ್ತು.